ಅವಳು ಎಡಕ್ಕೆ ಸರಿದ ವರ್ಷ

ಸುದ್ದಿ ಹೇಳುವುದಕ್ಕೂ ಒಂದು ಶಿಸ್ತು ಬೇಕು ಎಂಬುದು ಸೀಟಿ ಮಾವನ ಕಟ್ಟುನಿಟ್ಟು. ಸೀಟಿ ಮಾವ ಎಂದರೆ ಅವಳ ತಾಯಿಯ ತಮ್ಮ. ಮೂವತ್ತು ವರ್ಷ ಶಾಲೆಯೊಂದರಲ್ಲಿ ಆಟದ ಮೇಷ್ಟರಾಗಿದ್ದವರು, ನಿವೃತ್ತಿಯಾದ ಮೇಲೂ ಕೊರಳಿಗೆ ಸೀಟಿ ನೇತುಹಾಕಿಕೊಂಡೇ ಹಾಲು ತರಲು ಹೋಗುವವರು. ಅಕ್ಕನ ಮಗಳು ಗಂಡನ ಜೊತೆ ಬೇರೆ ಊರಿಗೆ ಹೊರಟು ನಿಂತಾಗ ಮನೆಮಂದಿಯೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ಬೆರಳು ಮಡಚಿ ಆಜ್ಞೆ ಹೊರಡಿಸಿದರು. "ತಿಂಗಳಿಗೊಂದು ಸಲ, ಮೊದಲನೇ ಭಾನುವಾರ, ಬೆಳಗ್ಗೆ ಹತ್ತರೊಳಗೆ. ನಾಲ್ಕೇ ನಾಲ್ಕು ವಿಷಯ. ಮನೆ, ಕೆಲಸ, ಆಟ, ಅಡ್ಡಾಟ. ನಾವು ಚೆನ್ನಾಗಿದೀವಿ, ನೀವು ಹೇಗಿದೀರಿ ಅಂತ ತೇಲಿಸಿಬಿಟ್ರೆ ನಾನು ಓದಲ್ಲ."

ಇನ್ನೊಂದು ಷರತ್ತೂ ಇತ್ತು. ಅವನ ಸುದ್ದಿ ಅವಳು ಬರೆಯಬೇಕು, ಅವಳ ಸುದ್ದಿ ಅವನು. ತಮ್ಮ ಬಗ್ಗೆ ತಾವೇ ಬರೆದುಕೊಂಡರೆ ಒಂದೋ ಜಂಬ, ಇಲ್ಲವೋ ಅಳು, ಎರಡೂ ಓದಲಿಕ್ಕಾಗುವುದಿಲ್ಲ ಎಂದು ಮಾವನ ಅಭಿಪ್ರಾಯ. ಹೀಗಾಗಿ ಪ್ರತಿ ತಿಂಗಳು ಮನೆಯವರೆಲ್ಲ ಇರುವ ಫೋನಿನ ಗುಂಪಿಗೆ ನಾಲ್ಕು ತುಂಡು ಬರಹ ಹೋಗುತ್ತಿತ್ತು. ಮಾವ ಅದಕ್ಕೆ ಹತ್ತಕ್ಕಿಷ್ಟು ಎಂದು ಅಂಕ ಹಾಕುತ್ತಿದ್ದರು. ಏಳರ ಮೇಲೆ ಯಾವತ್ತೂ ದಾಟಿದ್ದಿಲ್ಲ.

ಅವನನ್ನು ಎಲ್ಲರೂ ಗೋಡೆ ಎನ್ನುತ್ತಿದ್ದರು, ಅವಳನ್ನು ಮಿಡತೆ. ಎರಡೂ ಮಾವ ಇಟ್ಟ ಹೆಸರುಗಳೇ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಶಾಲೆಯ ಸಿಮೆಂಟು ಅಂಕಣದಲ್ಲಿ ಶಟಲ್ ಆಡಲು ಶುರುಮಾಡಿದಾಗ ಅವನ ಕಡೆಗೆ ಹೊಡೆದದ್ದೆಲ್ಲ ಗೋಡೆಗೆ ಬಡಿದಂತೆ ವಾಪಸ್ ಬರುತ್ತಿತ್ತು. ಅವಳಿಗೆ ನಿಂತಲ್ಲಿ ನಿಲ್ಲುವುದೇ ಗೊತ್ತಿರಲಿಲ್ಲ. ಇಬ್ಬರನ್ನೂ ಮಾವ ಡಬಲ್ಸ್‌ಗೆ ಜೋಡಿ ಮಾಡಿದರು. ಆ ಜೋಡಿ ಹತ್ತು ವರ್ಷ ಆಡಿ, ಕೊನೆಗೆ ಮದುವೆಯೂ ಆಯಿತು. ಗಂಡನನ್ನು ಏಕವಚನದಲ್ಲಿ ಕರೆಯುತ್ತಾಳೆ ಎಂದು ಅತ್ತೆ ಮುಖ ಗಂಟಿಕ್ಕಿಕೊಂಡಾಗ, ಅತ್ತೆಯ ಎದುರಿಗಷ್ಟೇ "ರೀ" ಎನ್ನಲು ಪ್ರಯತ್ನಪಟ್ಟಳು. ಅವಳು "ರೀ" ಎಂದಾಗಲೆಲ್ಲ ಅವನು ಹಿಂದೆ ತಿರುಗಿ ಯಾರನ್ನು ಕರೆಯುತ್ತಿದ್ದಾಳೆ ಎಂದು ಹುಡುಕುವ ನಾಟಕ ಆಡುತ್ತಿದ್ದ. ಎರಡು ವಾರದಲ್ಲಿ ಅತ್ತೆಯೇ, "ಸಾಕು ಬಿಡಮ್ಮ, ಹೇಗೆ ಬರುತ್ತೋ ಹಾಗೆ ಕರಿ" ಎಂದು ಸೋತರು.

ಮಾವ ಅವರಿಗೆ ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತದ್ದು ಒಂದು ಮಾತು. "ಜೊತೆಗಾರ ಬಿಟ್ಟ ಕಾಕ್ ಯಾಕೆ ಬಿಟ್ಟೆ ಅಂತ ಕೇಳಬಾರದು. ಅವನ ಮುಖ ನೋಡಬಾರದು. ನಿಟ್ಟುಸಿರೂ ಬಿಡಬಾರದು. ಮುಂದಿನ ಸಲ ಆ ಜಾಗದಲ್ಲಿ ನೀನಿರಬೇಕು. ಅಷ್ಟೇ." ಬೇರೆ ಜೋಡಿಗಳು "ನಂದು", "ನಿಂದು" ಎಂದು ಕಿರುಚಾಡಿ, ಆಟ ಮುಗಿದ ಮೇಲೆ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರೆ ಇವರ ಅಂಕಣ ಗ್ರಂಥಾಲಯದಂತೆ ಇರುತ್ತಿತ್ತು. ಬರೀ ಬೂಟಿನ ಸದ್ದು. ಸಂಸಾರಕ್ಕೂ ಇವರು ಅದನ್ನೇ ತಂದರು. ಅವನು ಗ್ಯಾಸ್ ಆರಿಸಲು ಮರೆತರೆ ಅವಳು ಆರಿಸುತ್ತಿದ್ದಳು. ಅವಳು ಬೀಗದ ಕೈ ಬಾಗಿಲಲ್ಲೇ ಬಿಟ್ಟರೆ ಅವನು ತೆಗೆದು ಮೊಳೆಗೆ ತೂಗುಹಾಕುತ್ತಿದ್ದ. ಮೂರು ವರ್ಷದ ದಾಂಪತ್ಯದಲ್ಲಿ ಒಬ್ಬರ ತಪ್ಪನ್ನು ಒಬ್ಬರು ಎತ್ತಿ ಆಡಿದವರಲ್ಲ. ನೆಂಟರೆಲ್ಲ ಇದನ್ನು ಕಂಡು ಮೆಚ್ಚುತ್ತಿದ್ದರು. ಮೆಚ್ಚುವಂಥದ್ದೇ, ಇಲ್ಲ ಎನ್ನುವವರು ಯಾರು.

ಹೊಸ ಊರಿನಲ್ಲಿ ಸಿಕ್ಕ ಮನೆ ಮೂರನೇ ಮಹಡಿಯದ್ದು. ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಆಚೆ ಬರಬೇಕಾದ ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಕಿಟಕಿ. ಮೆಟ್ಟಿಲು ಎಷ್ಟು ಕಿರಿದಾಗಿತ್ತೆಂದರೆ ಬಟ್ಟೆಯ ಕಪಾಟು ಎರಡನೇ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲೂ ಬರದೆ ಕೆಳಗೂ ಹೋಗದೆ, ಎರಡು ಗಂಟೆ ಇಡೀ ಕಟ್ಟಡದ ಓಡಾಟ ನಿಲ್ಲಿಸಿತು. ಕೊನೆಗೆ ಬಾಗಿಲುಗಳ ಸ್ಕ್ರೂ ಬಿಚ್ಚಿ ತುಂಡು ತುಂಡಾಗಿ ಹೊತ್ತು ತಂದರು. ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಉಳಿದವು. ಮೊದಲ ಸುದ್ದಿಯಲ್ಲಿ 'ಮನೆ' ಎಂಬ ತಲೆಬರಹದ ಕೆಳಗೆ ಅವಳು ಇದನ್ನೆಲ್ಲ ಬರೆದಳು. ಮಾವ ಆರು ಅಂಕ ಕೊಟ್ಟು, "ಆ ಎರಡು ಸ್ಕ್ರೂ ಎಲ್ಲಿಯವು ಅಂತ ಮುಂದಿನ ತಿಂಗಳು ತಿಳಿಸು" ಎಂದರು.

ಅವನಿಗೆ ನೆಲದ ಟೈಲ್ಸ್ ಸಂಗ್ರಹಿಸುವ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ. ಲಾರಿಯಿಂದ ಇಳಿದ ಪೆಟ್ಟಿಗೆಗಳ ಅಟ್ಟಿಯನ್ನು ಕಬ್ಬಿಣದ ಎರಡು ಚಾಚುಗಳ ಮೇಲೆ ಎತ್ತಿ, ಚಾವಣಿ ಮುಟ್ಟುವ ಕಪಾಟುಗಳ ನಡುವಿನ ಓಣಿಯಲ್ಲಿ ನಡೆಸಿಕೊಂಡು ಹೋಗಿ, ನಾಲ್ಕನೇ ಅಂತಸ್ತಿನಲ್ಲಿ ಸದ್ದಾಗದಂತೆ ಇಳಿಸಬೇಕು. ಮೊದಲ ವರ್ಷ ತಾತ್ಕಾಲಿಕ, ಆಮೇಲೆ ಖಾಯಂ ಮಾಡುತ್ತೇವೆ ಎಂದಿದ್ದರು. ಅವಳಿಗೆ ಆಟದ ಸಾಮಾನಿನ ಅಂಗಡಿಯಲ್ಲಿ ಗಟ್ಟಿಂಗ್ ಕೆಲಸ, ಅಂದರೆ ರ‍್ಯಾಕೆಟ್ಟಿಗೆ ಹೊಸ ತಂತಿ ಕಟ್ಟುವುದು. ಅಂಗಡಿಯ ಹಿಂಭಾಗದ ಮೇಜಿನಲ್ಲಿ ರ‍್ಯಾಕೆಟ್ಟನ್ನು ಯಂತ್ರದ ಆರು ಹಿಡಿಗಳಲ್ಲಿ ಸಿಕ್ಕಿಸಿ, ತಂತಿಯನ್ನು ತೂತಿನಿಂದ ತೂತಿಗೆ ಹಾಯಿಸಿ, ಒಂದೊಂದು ಎಳೆಯನ್ನೂ ಬಿಗಿದು, ಕೊನೆಗೆ ಉಗುರಿನಿಂದ ಮೀಟಿ ಕೇಳುತ್ತಿದ್ದಳು. ಒಂದೆಳೆ ಸಡಿಲವಾಗಿದ್ದರೂ ಅವಳ ಕಿವಿಗೆ ಗೊತ್ತಾಗುತ್ತಿತ್ತು. ಅಂಗಡಿಯಾತ ಮೂರೇ ತಿಂಗಳಲ್ಲಿ, "ನಮ್ಮ ಹುಡುಗಿ ಕಟ್ಟಿದ್ದು" ಎಂದು ಗಿರಾಕಿಗಳಿಗೆ ಹೇಳಿಕೊಳ್ಳತೊಡಗಿದ.

ಮಂಗಳವಾರ, ಗುರುವಾರ ಸಂಜೆ ಆಟ. ಪುರಸಭೆಯ ಒಳಾಂಗಣದಲ್ಲಿ ಎರಡು ಅಂಕಣ, ಒಂದರ ಮರದ ನೆಲ ಮೂಲೆಯಲ್ಲಿ ಕಿರುಗುಟ್ಟುತ್ತಿತ್ತು. ಗೋದಾಮಿನವರು, ಅಂಚೆ ಕಚೇರಿಯವರು, ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ಟೀಚರುಗಳು, ಹೀಗೆ ಹತ್ತಿಪ್ಪತ್ತು ಮಂದಿ ಬರುತ್ತಿದ್ದರು. ಅಲ್ಲಿಯೇ ಒಂದು ಮಂಗಳವಾರ, ಮನೆ ಬದಲಿಸಿ ಆರು ತಿಂಗಳಾಗಿದ್ದಾಗ, ಅವನ ಎಡಗಡೆಗೆ ಬಂದ ಒಂದು ಕಾಕ್ ಅವನು ಕೈಯೆತ್ತುವ ಮೊದಲೇ ನೆಲಕ್ಕೆ ಬಿತ್ತು. ಕಷ್ಟದ ಹೊಡೆತವೇನಲ್ಲ. ಹಲ್ಲಿನ ಡಾಕ್ಟರು ಮೆತ್ತಗೆ ತಳ್ಳಿದ್ದು. ಗೋಡೆ ಅದನ್ನು ನಿದ್ದೆಗಣ್ಣಲ್ಲೂ ಎತ್ತುತ್ತಿದ್ದ.

ಅವಳು ಅವನ ಮುಖ ನೋಡಲಿಲ್ಲ. ಮುಂದಿನ ಸಲ ಅಲ್ಲಿ ಅವಳಿದ್ದಳು.

ಆಮೇಲೆ ಅದು ವಾರಕ್ಕೊಂದು, ವಾರಕ್ಕೆರಡು ಆಯಿತು. ಅವಳು ಎರಡು ಹೆಜ್ಜೆ ಎಡಕ್ಕೆ ನಿಲ್ಲತೊಡಗಿದಳು, ಆಮೇಲೆ ಮೂರು. ಮುಂದೆ ನೆಟ್ ಹತ್ತಿರ ನಿಂತಿರಬೇಕಾದವಳು ಹಿಂದಕ್ಕೂ ಓಡಿ ಅವನ ಎಡಮೂಲೆ ಕಾಯತೊಡಗಿದಳು. ಕಾಲು ನೋಯುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. ಆದರೆ ಮೈಯಲ್ಲಿ ಒಂದು ಚುರುಕು ಬಂತು. ಆ ಕಡೆಯವರು ಎಲ್ಲಿಗೆ ಹೊಡೆಯುತ್ತಾರೆಂದು ಅವರ ಭುಜ ನೋಡಿಯೇ ತಿಳಿಯತೊಡಗಿತು. 'ಆಟ' ಎಂಬ ತಲೆಬರಹದ ಕೆಳಗೆ ಅವನು ಆ ತಿಂಗಳು ಬರೆದ: "ಮಾವ, ನಿಮ್ಮ ಮಿಡತೆಗೆ ರೆಕ್ಕೆ ಬಂದಿದೆ. ನನ್ನ ಪಾಲಿನದನ್ನೂ ಅವಳೇ ಹೊಡೀತಾಳೆ. ನನಗೀಗ ಕೋರ್ಟಿನಲ್ಲಿ ನಿಂತು ಗಾಳಿ ತಗೊಳ್ಳೋದೇ ಕೆಲಸ." ಮಾವ ಏಳು ಅಂಕ ಕೊಟ್ಟರು. ಅತ್ತೆ ಕೈಮುಗಿಯುವ ಚಿತ್ರ ಕಳಿಸಿದರು.

ಮನೆಯಲ್ಲೂ ಅದೇ. ಊಟದ ಮೇಜಿನ ಮೇಲೆ ಎಡಗಡೆ ಇಟ್ಟ ಲೋಟ ಅವನ ಮೊಣಕೈ ತಗುಲಿ ಎರಡು ಸಲ ಬಿತ್ತು. ಮೂರನೆಯ ಸಲದಿಂದ ಅವಳು ಲೋಟವನ್ನು ಬಲಗಡೆಯೇ ಇಟ್ಟಳು. ಅಡುಗೆಮನೆಯ ಬಾಗಿಲಿನ ಎಡ ಚೌಕಟ್ಟು ಅವನ ಭುಜಕ್ಕೆ ಬಡಿಯುತ್ತಿತ್ತು. ಅವಳು ಅಲ್ಲಿದ್ದ ಸ್ಟೂಲನ್ನು ಈಚೆ ತಂದು ದಾರಿ ಅಗಲ ಮಾಡಿದಳು. ರಸ್ತೆಯಲ್ಲಿ ನಡೆಯುವಾಗ ಎಡಬದಿ ಅವಳದ್ದಾಯಿತು. ಇವೆಲ್ಲ ಅವಳು ಕೂತು ಯೋಚಿಸಿ ಮಾಡಿದ್ದಲ್ಲ. ಕಾಲು ತಾನಾಗಿಯೇ ಹೋಗಿ ನಿಲ್ಲುತ್ತಿತ್ತು, ಅಷ್ಟು ಪಳಗಿದ ಕಾಲು ಅದು.

'ಅಡ್ಡಾಟ'ದಲ್ಲಿ ಒಂದು ತಿಂಗಳು ಕೆರೆಯ ದೋಣಿಯ ಸುದ್ದಿ ಹೋಯಿತು. ಕಾಲಿನಿಂದ ತುಳಿದು ನಡೆಸುವ ಇಬ್ಬರ ದೋಣಿ. ಚುಕ್ಕಾಣಿ ಅವನ ಕೈಯಲ್ಲಿತ್ತು. ದೋಣಿ ದಾಟಬಾರದ ಎಲ್ಲೆ ತೋರಿಸಲು ಎಡಬದಿಯಲ್ಲಿ ತೇಲಬಿಟ್ಟಿದ್ದ ಡಬ್ಬಿಗಳಿಗೆ ಸಾಲಾಗಿ ಗುದ್ದಿಕೊಂಡು ಹೋದ. ದಡದಲ್ಲಿದ್ದ ಕಾವಲುಗಾರ ಬೊಬ್ಬೆ ಹೊಡೆದ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. "ನಿಮ್ಮ ಅಳಿಯನಿಗೆ ನೆಲದ ಮೇಲಿನ ಗಾಡಿಯೇ ಸರಿ" ಎಂದು ಅವಳು ಬರೆದಳು. ಬರೆದು ಕಳಿಸುವಾಗ ಅವಳ ಹೆಬ್ಬೆರಳು ಒಂದು ಗಳಿಗೆ ತಡೆಯಿತು. ಡಬ್ಬಿಗಳು ಕೆಂಪು ಬಣ್ಣದವು. ಕುರುಡರಿಗೂ ಕಾಣುವಂಥ ಕೆಂಪು.

ಆ ಮಾತು ಮನಸ್ಸಿಗೆ ಬಂದದ್ದೇ ಬಿದ್ದ ಲೋಟ, ಬಾಗಿಲಿನ ಚೌಕಟ್ಟು, ಅಂಕಣದ ಎಡಮೂಲೆ ಎಲ್ಲವೂ ಅವಳಿಗೆ ಒಟ್ಟಿಗೆ ನೆನಪಾದವು. ಇಲ್ಲಿಂದ ಮುಂದೆ ಅವಳಿಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಇರಲಿಲ್ಲ. ಅದೂ ಅಲ್ಲದೆ ಅವನ ಕೆಲಸ ಖಾಯಂ ಆಗಲು ಇನ್ನು ಎರಡು ತಿಂಗಳಿತ್ತು. ಅದೊಂದು ಆಗಿಬಿಡಲಿ, ಆಮೇಲೆ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರಾಯಿತು ಎಂದುಕೊಂಡಳು. ಕನ್ನಡಕ ಹಾಕಿದರೆ ಸರಿಹೋಗುವಂಥದ್ದು ಎಂದೇ ಅವಳ ನಂಬಿಕೆ. ಕೆಲಸ ಖಾಯಂ ಆಯಿತು. ಆಮೇಲೆ ಗೋದಾಮಿನಲ್ಲಿ ಹೊಸ ಸರಕು ಬಂತು, ಅವನು ಹೊತ್ತು ಗೊತ್ತಿಲ್ಲದೆ ದುಡಿದ. ಆಮೇಲೆ ಊರಿನ ಜೋಡಿಗಳ ಪಂದ್ಯಾವಳಿ ಬಂತು. ಅದರಲ್ಲಿ ಅವಳು ಒಬ್ಬಳೇ ಇಬ್ಬರ ಆಟ ಆಡಿ, ಜೋಡಿಯನ್ನು ಎರಡನೇ ಸ್ಥಾನಕ್ಕೆ ತಂದಳು. ಅವನು ಪದಕವನ್ನು ತನ್ನ ಕೊರಳಿನಿಂದ ತೆಗೆದು ಅವಳ ಕೊರಳಿಗೇ ಹಾಕಿ, "ಎರಡೂ ನಿಂದೇ" ಎಂದ. ಅಂಥ ಹೊತ್ತಿನಲ್ಲಿ, ಅಯ್ಯೋ ಇವನೇ, ನಿನ್ನ ಕಣ್ಣಿಗೆ ಏನಾಗಿದೆ ಎಂದು ಕೇಳುವುದು ಹೇಗೆ? ಹೀಗೆ ಇವತ್ತು ನಾಳೆ ಎಂದು ತಳ್ಳಿಕೊಂಡೇ ಒಂದು ವರ್ಷ ಸಂದಿತು.

ಗೋದಾಮಿನಲ್ಲಿ ಚೀಟಿಯಣ್ಣ ಎಂದು ಒಬ್ಬರಿದ್ದರು. ಐವತ್ತು ದಾಟಿದವರು. ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದೇ ಅವರ ಕಾಯಕವಾದ್ದರಿಂದ ಆ ಹೆಸರು. ಬಾಯಿ ಸುಮ್ಮನಿರುತ್ತಿರಲಿಲ್ಲ. ಅಟ್ಟಿಯ ಎಡಮೂಲೆಯ ಟೈಲ್ಸ್ ಪದೇ ಪದೇ ಚಕ್ಕೆ ಏಳುವುದನ್ನು ಮೊದಲು ಕಂಡವರೂ ಅವರೇ. "ಏನಪ್ಪಾ ಗೋಡೆ, ನಮ್ಮ ಕಪಾಟಿನ ಮೇಲೆ ನಿನಗ್ಯಾಕೆ ಅಷ್ಟು ಪ್ರೀತಿ, ಹೋಗಿ ಹೋಗಿ ಮುತ್ತು ಕೊಡ್ತೀಯ" ಎಂದು ಎಲ್ಲರೆದುರು ರೇಗಿಸಿದರು. ಅವನು ಮನೆಗೆ ಬಂದು ಅದನ್ನು ಹೇಳಿಕೊಂಡು ನಕ್ಕ. ಅವಳೂ ನಕ್ಕಳು.

ಒಂದು ಬುಧವಾರ, ಊಟದ ಗಂಟೆಗೆ ಸ್ವಲ್ಪ ಮೊದಲು, ಚೀಟಿಯಣ್ಣ ಮೂರನೇ ಓಣಿಯಲ್ಲಿ ಮಂಡಿಯೂರಿ ಕೆಳಗಿನ ಪೆಟ್ಟಿಗೆಗೆ ಚೀಟಿ ಅಂಟಿಸುತ್ತಿದ್ದರು. ಫೋರ್ಕ್‌ಲಿಫ್ಟ್ ಎಡಕ್ಕೆ ತಿರುಗಿತು. ಅವರು ಕೂಗಿದ್ದು ಅವನಿಗೆ ಕೇಳಿಸಿತು, ಎಲ್ಲಿಂದ ಎಂದು ತಿಳಿಯಲಿಲ್ಲ. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿಯಿತು.

ಅವಳಿಗೆ ಅಂಗಡಿಗೆ ಫೋನು ಬಂದಾಗ ಯಂತ್ರದಲ್ಲಿ ಯಾರದ್ದೋ ರ‍್ಯಾಕೆಟ್ ಅರ್ಧ ಕಟ್ಟಿ ನಿಂತಿತ್ತು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅವನು ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ಅವಳನ್ನು ಕಂಡವನೇ, "ಅಲ್ಲಿ ಯಾರೂ ಇರಲಿಲ್ಲ ಕಣೇ" ಎಂದ. "ದೇವರಾಣೆಗೂ ಯಾರೂ ಇರಲಿಲ್ಲ. ನಾನು ನೋಡಿದೆ." ಅದನ್ನೇ ನಾಲ್ಕೈದು ಸಲ ಹೇಳಿದ. ಅವಳು ಅವನ ಪಕ್ಕದಲ್ಲಿ ಕೂತಳು, ಎಡಗಡೆ.

ಕಂಪನಿಯವರು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಕತ್ತಲೆ ಕೋಣೆಯಲ್ಲಿ ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಅವಳು ಬಾಗಿಲಿನ ಆಚೆ ಕುರ್ಚಿಯಲ್ಲಿ ಕೂತು ಗುಂಡಿಯ ಟಿಕ್ ಟಿಕ್ ಕೇಳುತ್ತಿದ್ದಳು. ಸ್ವಲ್ಪ ಹೊತ್ತು ಚೆನ್ನಾಗಿಯೇ ಬರುತ್ತಿತ್ತು. ಆಮೇಲೆ ಕಣ್ಣು ಬದಲಿಸಿದರು. ಟಿಕ್ ಎಂದಿತು, ಮತ್ತೆ ಎಷ್ಟೋ ಹೊತ್ತು ಏನೂ ಇಲ್ಲ. ಯಂತ್ರ ಗೊರಗೊರ ಸದ್ದು ಮಾಡುತ್ತಲೇ ಇತ್ತು, ಅಂದರೆ ಒಳಗೆ ಚುಕ್ಕಿಗಳು ಬರುತ್ತಲೇ ಇದ್ದವು. ಸಡಿಲ ತಂತಿಯನ್ನು ಕಿವಿಯಲ್ಲೇ ಹಿಡಿಯುವವಳು ಅವಳು. ಆ ಮೌನವನ್ನು ಪೂರ್ತಿ ಕೇಳಿದಳು. ಅವನು ಆಚೆ ಬಂದು, "ಸುಲಭ ಇತ್ತು. ಬಂದಿದ್ದೆಲ್ಲ ಒತ್ತಿದೆ" ಎಂದ. ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು, ಮಾತು ನಿಧಾನ. ಎರಡು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಒಂದರಲ್ಲಿ ಅಂಚಿಗಷ್ಟೇ ಕಪ್ಪು. ಇನ್ನೊಂದು ಮಸಿ ಚೆಲ್ಲಿದ ಹಾಗಿತ್ತು, ನಡುವೆ ಒಂದು ನಾಣ್ಯದಷ್ಟು ಬಿಳಿ. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ, ಗ್ಲಾಕೋಮಾ ಅಂತಾರೆ, ಎಂದರು.

"ನನಗೆ ಗೊತ್ತೇ ಆಗಲಿಲ್ವಲ್ಲ ಡಾಕ್ಟ್ರೇ" ಎಂದ ಅವನು.

"ಗೊತ್ತಾಗಲ್ಲಪ್ಪ. ನೋವಿರಲ್ಲ, ಏನಿಲ್ಲ. ಒಂದು ಕಣ್ಣು ಹೋಗ್ತಾ ಇದ್ರೆ ಇನ್ನೊಂದು ಅದರ ಕೆಲಸ ಮಾಡ್ಕೊಂಡು ಹೋಗುತ್ತೆ. ಕಾಯಿಲೆ ಇರೋರಿಗೆ ಏನೂ ತಿಳಿಯಲ್ಲ. ಪಕ್ಕದಲ್ಲಿ ಇರೋರಿಗೆ ಕೆಲವು ಸಲ ತಿಳಿಯುತ್ತೆ. ಎಡವೋದು, ತಗುಲಿಸಿಕೊಳ್ಳೋದು." ಅವರು ಅವಳ ಕಡೆ ತಿರುಗಿದರು. "ನೀವೇನಾದ್ರೂ ನೋಡಿದ್ರಾಮ್ಮಾ?"

ಅವಳು ತಲೆಯಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ಅವಳಿಗೇ ಗೊತ್ತಿಲ್ಲ. ಡಾಕ್ಟರು ಅದನ್ನು ಇಲ್ಲ ಎಂದೇ ತೆಗೆದುಕೊಂಡರು.

"ಒಂದು ವರ್ಷ ಮುಂಚೆ ಬಂದಿದ್ರೆ ಎಡಗಣ್ಣು ಬಹಳಷ್ಟು ಉಳೀತಿತ್ತು. ಹೋಗಿದ್ದು ವಾಪಸ್ ಬರಲ್ಲ. ಬಲಗಣ್ಣು ಉಳಿಸಿಕೊಳ್ಳೋಣ. ಒಂದು ಸಣ್ಣ ಆಪರೇಷನ್ನು, ಆಮೇಲೆ ಜೀವನಪೂರ್ತಿ ಡ್ರಾಪ್ಸು. ಒಂದು ದಿನ ತಪ್ಪಿಸೋ ಹಾಗಿಲ್ಲ."

ಅವನು ಹೂಂಗುಟ್ಟುತ್ತಾ ಕೇಳಿಸಿಕೊಂಡ. ಎದ್ದು ಬರುವಾಗ ಎಡಗಡೆಯ ಕುರ್ಚಿ ಎಡವಿದ. ಅವಳು ಹಿಡಿದುಕೊಂಡಳು.

ಆಪರೇಷನ್ ಆಯಿತು. ಆ ಮೇಲಿನ ತಿಂಗಳುಗಳನ್ನು ವಿವರಿಸಲು ಹೊರಟರೆ ಡ್ರಾಪ್ಸಿನ ವೇಳಾಪಟ್ಟಿಯೇ ಆದೀತು. ಬೆಳಗ್ಗೆ ಏಳು, ಮಧ್ಯಾಹ್ನ ಮೂರು, ಸಂಜೆ ಏಳು, ಒಂದೊಂದು ಬಾಟಲಿಯ ನಡುವೆ ಹತ್ತು ನಿಮಿಷ. ಕಂಪನಿಯವರು ಅವನನ್ನು ಗಾಡಿಯಿಂದ ಇಳಿಸಿ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಚೀಟಿಯಣ್ಣನ ಜಾಗ ಖಾಲಿ ಇತ್ತಲ್ಲ. ಅದೇ ಮಣೆ, ಅದೇ ಅಂಟಿನ ಡಬ್ಬಿ. ಸಂಜೆ ಮನೆಗೆ ಬಂದರೆ ಅವನ ಬೆರಳುಗಳಿಗೆ ಅಂಟು ಒಣಗಿ ಸಿಪ್ಪೆ ಎದ್ದಿರುತ್ತಿತ್ತು. ಅದನ್ನು ಕೀಳುತ್ತಾ ಕೂತುಬಿಡುತ್ತಿದ್ದ. ಮಂಗಳವಾರ ಬಂದರೂ ಗುರುವಾರ ಬಂದರೂ ಇಬ್ಬರೂ ಬೂಟಿನ ಕಡೆ ನೋಡುತ್ತಿರಲಿಲ್ಲ. ಮೊದಲನೇ ಭಾನುವಾರಗಳು ಬಂದು ಹೋದವು. ಕಾಯಿಲೆ, ಆಪರೇಷನ್ನು ಎಂದು ಎರಡೇ ಸಾಲು ಬರೆದು ಕಳಿಸಿದಳು. ಅದಕ್ಕೆ ಮಾವ ಅಂಕ ಹಾಕಲಿಲ್ಲ.

ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವನು ಪಾಪ, ತನ್ನಿಂದ ಒಬ್ಬರ ಕಾಲು ಹೋಯಿತೆಂದು ಕೊರಗುತ್ತಿದ್ದರೆ, ಇವಳು ಆ ಕಾಲೂ ಈ ಕಣ್ಣೂ ಎರಡೂ ತಾನು ಬಾಯಿ ಬಿಡದೆ ಹೋದದ್ದಕ್ಕೇ ಹೋದದ್ದು ಎಂದು ಒಳಗೊಳಗೇ ಬೇಯುತ್ತಿದ್ದಳು. ಹೇಳಿಬಿಟ್ಟರೆ ಅವನು ತನ್ನನ್ನು ಮೊದಲಿನ ಹಾಗೆ ನೋಡುವುದಿಲ್ಲ. ಹೇಳದಿದ್ದರೆ ತಾನು ಅವನನ್ನು ಮೊದಲಿನ ಹಾಗೆ ನೋಡಲಾರಳು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಮಾವನಿಗೆ ಫೋನು ಮಾಡಿ, ದೋಣಿಯ ಕೆಂಪು ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು.

"ನೀವೇ ಕಲಿಸಿದ್ದು ಮಾವ" ಎಂದಳು, ದೂರಿದ ಹಾಗೆ ಕೇಳಿಸಿರಬೇಕು.

"ಅದು ಕೋರ್ಟಿನ ಮಾತು ಕಣೇ" ಎಂದರು ಮಾವ. ಅವರ ದನಿ ಮುದುಕರ ದನಿಯಾಗಿತ್ತು. "ಇಪ್ಪತ್ತೊಂದು ಪಾಯಿಂಟಿಗೆ ಮುಗಿಯೋ ಆಟಕ್ಕೆ ಹೇಳಿದ್ದು. ಸಂಸಾರಕ್ಕೆ ಹೇಳಿರಲಿಲ್ಲ." ಆಮೇಲೆ ಕೇಳಿದರು, "ಅವನಿಗೆ ಹೇಳಿದ್ಯಾ?"

"ಇಲ್ಲ."

"ಹೇಳು."

ಆ ಶನಿವಾರ ಇಬ್ಬರೂ ಚೀಟಿಯಣ್ಣನ ಮನೆಗೆ ಹೋದರು. ಅವರು ಮಂಚದ ಮೇಲೆ ಕಾಲು ಚಾಚಿಕೊಂಡು, ಬ್ಯಾಂಡೇಜಿನ ಮೇಲೆಲ್ಲ ಗೋದಾಮಿನ ಚೀಟಿಗಳನ್ನು ಅಂಟಿಸಿಕೊಂಡಿದ್ದರು. "ನೋಡಮ್ಮಾ, 'ಜೋಪಾನ, ಒಡೆಯುವ ಸಾಮಾನು' ಅಂತ. ಮೊದಲೇ ಅಂಟಿಸ್ಕೋಬೇಕಿತ್ತು." ಅವರ ಹೆಂಡತಿ ಚಹಾ ತಂದಿಟ್ಟು, ಒಂದು ಮಾತೂ ಆಡದೆ ಒಳಗೆ ಹೋದರು. ಆ ಕಾಲು ಇನ್ನು ಪೂರ್ತಿ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ.

ಅವನು ತಲೆ ಎತ್ತಲಿಲ್ಲ. "ನಿಮ್ಮ ಕಾಲಿಗೆ ಬೀಳಬೇಕು ಅಣ್ಣ ನಾನು."

"ಯಾವ ಕಾಲಿಗೆ ಬೀಳ್ತೀಯೋ ಮಾರಾಯ, ಒಂದೇ ಇರೋದು. ಬಿಡು. ಕಾಣದೆ ಆಗಿದ್ದು. ಕಣ್ಣಿಗೆ ಹಾಗಾಗಿದೆ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೂ ಗೊತ್ತಿರಲಿಲ್ಲ ಅಣ್ಣ" ಎಂದ ಅವನು.

ಅವಳ ಕೈಯಲ್ಲಿದ್ದ ಚಹಾ ಆರಿಹೋಯಿತು. ಅವಳು ಅದನ್ನು ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ.

ವಾಪಸ್ ಬರುವಾಗ ಇನ್ನೂ ಬಿಸಿಲಿತ್ತು. ಅಂಗಡಿ ಸಾಲಿನ ಪಾದಚಾರಿ ದಾರಿಯಲ್ಲಿ ಅವಳು ಎಂದಿನಂತೆ ಅವನ ಎಡಬದಿಗೆ ನಡೆಯುತ್ತಿದ್ದಳು. ಔಷಧಿ ಅಂಗಡಿ ದಾಟಿದ ಮೇಲೆ ನಿಂತುಬಿಟ್ಟಳು.

"ನನಗೆ ಗೊತ್ತಿತ್ತು" ಎಂದಳು.

"ಏನು?"

"ನಿನಗೆ ಎಡಗಡೆ ಕಾಣಲ್ಲ ಅಂತ. ಮೊದಲು ಕೋರ್ಟಿನಲ್ಲಿ ನೋಡಿದೆ. ಆಮೇಲೆ ಮನೇಲಿ. ದೋಣಿಗೆ ಹೋದಾಗ ಖಚಿತ ಆಯ್ತು. ನಾನು ಸುಮ್ಮನೆ ಆ ಕಡೆ ಬಂದು ನಿಂತ್ಕೊಂಡೆ. ಹೇಳಲಿಲ್ಲ."

ಅವನು ಪೂರ್ತಿ ಮೈ ತಿರುಗಿಸಿ ಬಲಗಣ್ಣಿನಿಂದ ಅವಳನ್ನು ನೋಡಿದ. "ದೋಣಿಗೆ ಹೋಗಿದ್ದು ಯಾವಾಗ?"

ಅವಳು ತಿಂಗಳು ಹೇಳಿದಳು. ಅವನ ತುಟಿ ಅಲ್ಲಾಡಿತು, ಲೆಕ್ಕ ಹಾಕುತ್ತಿದ್ದ. ಡಾಕ್ಟರು ಹೇಳಿದ ಒಂದು ವರ್ಷಕ್ಕೆ ಅದು ಸರಿಯಾಗಿ ಹೊಂದಿತು.

"ನಿನ್ನ ಆಟ ಏರಿದೆ ಅಂದ್ಕೊಂಡಿದ್ದೆ ನಾನು" ಎಂದ. "ಗೋದಾಮಲ್ಲಿ, ಮನೇಲಿ, ಮಾವನ ಹತ್ರ, ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೀನಿ. ನನ್ನ ಹೆಂಡತಿ ಹೇಗೆ ಆಡ್ತಾಳೆ ಗೊತ್ತಾ ಅಂತ."

ಅವಳಿಗೆ ಅಳು ಒತ್ತರಿಸಿ ಬಂತು. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರೂ ತಡೆದುಕೊಳ್ಳಲಾಗಲಿಲ್ಲ. ಅವನು ಸಮಾಧಾನ ಮಾಡಲು ಬರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಅತ್ತಾಗ ಅವನು ದೂರ ನಿಂತದ್ದು ಇದೇ ಮೊದಲು.

"ಹೇಳಬೇಕಿತ್ತು ನೀನು" ಎಂದ. ದನಿ ಏರಿಸಲಿಲ್ಲ. "ಹೇಳಬೇಕಿತ್ತು."

ಅಷ್ಟು ಹೇಳಿ ತಿರುಗಿ ಒಬ್ಬನೇ ನಡೆದ. ಅವಳು ಅಲ್ಲೇ ನಿಂತಳು. ಹಿಂದೆ ಹೋಗುವ ಹಕ್ಕು ತನಗಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನು ಹತ್ತಿಪ್ಪತ್ತು ಹೆಜ್ಜೆ ಹೋಗಿರಬಹುದು, ಎಡಗಡೆಯ ಗಲ್ಲಿಯಿಂದ ಒಂದು ಸೈಕಲ್ಲು ಇಳಿಜಾರಿನಲ್ಲಿ ಜೋರಾಗಿ ಬಂತು. ಅವಳ ಕಾಲು ಓಡಲು ಆಗಲೇ ಎದ್ದಿತ್ತು. ಓಡಿದರೆ ಮುಟ್ಟುತ್ತಿದ್ದಳು ಕೂಡ, ಅಂಥದ್ದನ್ನೆಲ್ಲ ಅವಳು ಎಷ್ಟೋ ಸಲ ಮುಟ್ಟಿದ್ದಾಳೆ. ಅವಳು ಓಡಲಿಲ್ಲ.

"ಎಡಕ್ಕೆ ಸೈಕಲ್ಲು! ನಿಲ್ಲು!"

ಬೀದಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿತ್ತು ಅದು. ಅವನು ನಿಂತ. ಸೈಕಲ್ಲು ಅವನ ಮುಂದಿನಿಂದ ಹಾದುಹೋಯಿತು. ಅವನು ಹಿಂದೆ ತಿರುಗದೆ ಅವಳು ಹತ್ತಿರ ಬರುವವರೆಗೆ ಅಲ್ಲೇ ನಿಂತಿದ್ದ.

"ಇನ್ಮೇಲೆ ಹಾಗೇ ಕೂಗು" ಎಂದ.

"ನನ್ನ ಮೇಲೆ ಸಿಟ್ಟಿದೆಯಾ?"

"ಇದೆ. ತುಂಬಾ ಇದೆ. ಯಾವಾಗ ಹೋಗುತ್ತೋ ಗೊತ್ತಿಲ್ಲ. ನೀನು ಕೂಗು."

ಮತ್ತೆ ನಡೆದರು. ಈ ಸಲ ಅವಳು ಅವನ ಎಡಕ್ಕೆ ಬರಲಿಲ್ಲ, ಒಂದು ಹೆಜ್ಜೆ ಹಿಂದೆ ಉಳಿದಳು. ಎಡಕ್ಕೆ ಕಂಬ, ಎಂದಳು. ಎಡಕ್ಕೆ ಮಗು. ಎಡಕ್ಕೆ ಹಳ್ಳ. ಮನೆ ಮುಟ್ಟುವವರೆಗೆ ಹನ್ನೊಂದು ಸಲ ಕೂಗಿದಳು. ಅವನು ಒಂದಕ್ಕೂ ಉತ್ತರ ಕೊಡಲಿಲ್ಲ, ಹನ್ನೊಂದು ಸಲವೂ ಬಲಕ್ಕೆ ಸರಿದ.